ಕರ್ಬಲ್ ಆಟ: ಮುನ್ ಮೇಲೆ ಇಳಿಯುವಾಗ ಇಂಧನ ಎಲ್ಲಿ ಸೋರುತ್ತಿದೆ?

ಮೂಡಿಗೆರೆ_ಮಳೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಕರ್ಬಲ್ ಸ್ಪೇಸ್ ಪ್ರೋಗ್ರಾಮ್ (ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ) ಆಡುವವರು ಇಷ್ಟು ಜನ ಇದ್ದೀರಿ ಅಂತ ನೋಡಿ ಖುಷಿಯಾಯಿತು. ನನ್ನದೊಂದು ಲೆಕ್ಕ ತಾಳೆಯಾಗುತ್ತಿಲ್ಲ. ದಯವಿಟ್ಟು ನೋಡಿ.

ಆಟದ ಚಂದ್ರನಾದ ಮುನ್ ಮೇಲೆ ಇಳಿಯುವ ನನ್ನ ಲ್ಯಾಂಡರ್ ತೀರಾ ಚಿಕ್ಕದು. ಒಬ್ಬರು ಕೂರುವ ಪಾಡ್ 0.8 ಟನ್. ಟೆರಿಯರ್ ಇಂಜಿನ್ 0.5. ಎಫ್‌ಎಲ್-ಟಿ200 ಟ್ಯಾಂಕ್ ತುಂಬಿದಾಗ 1.125, ಖಾಲಿಯಾದಾಗ 0.125. ಕಾಲು, ಪ್ಯಾರಾಶೂಟ್, ಬ್ಯಾಟರಿ ಎಲ್ಲಾ ಸೇರಿ 0.3. ಒಟ್ಟು 2.725 ಟನ್. ಇದಕ್ಕೆ ಡೆಲ್ಟಾ-ವಿ, ಅಂದರೆ ಇರುವ ಇಂಧನದಲ್ಲಿ ಒಟ್ಟು ಬದಲಿಸಬಹುದಾದ ವೇಗ, 1547 ಮೀ/ಸೆ ಬರುತ್ತದೆ.

ಎಲ್ಲರೂ ಬಳಸುವ ಡೆಲ್ಟಾ-ವಿ ಪಟ್ಟಿ ನೋಡಿದರೆ ಮುನ್ ಕಕ್ಷೆಯಿಂದ ಇಳಿಯಲು 580, ಮತ್ತೆ ಕಕ್ಷೆಗೆ ಏರಲು 580, ಕರ್ಬಿನ್‌ಗೆ (ಆಟದ ಭೂಮಿ) ವಾಪಸ್ ಹೊರಡಲು 310. ಒಟ್ಟು 1470. ಅಂದರೆ 77 ಉಳಿಯಬೇಕು. ಆದರೆ ನೆಲ ಮುಟ್ಟುವಾಗಲೇ ನನ್ನ ಹತ್ತಿರ 700 ಚಿಲ್ಲರೆ ಮಾತ್ರ ಉಳಿದಿರುತ್ತದೆ. ಹೇಗೋ ಕಕ್ಷೆಗೆ ಏರುತ್ತೇನೆ, ಅಲ್ಲಿಗೆ ಟ್ಯಾಂಕ್ ಮುಗಿಯುತ್ತದೆ.

ಇಳಿಯುವ ರೀತಿ ಹೀಗೆ: 14 ಕಿ.ಮೀ. ಎತ್ತರದ ದುಂಡು ಕಕ್ಷೆ. ಬೇಕಾದ ಕುಳಿಯ ನೇರಕ್ಕೆ ಬಂದಾಗ ರೆಟ್ರೋಗ್ರೇಡ್ (ಸಾಗುವ ದಿಕ್ಕಿಗೆ ವಿರುದ್ಧ) ಹಿಡಿದು ಅಡ್ಡ ವೇಗವನ್ನು ಪೂರ್ತಿ ನಿಲ್ಲಿಸುತ್ತೇನೆ. ಆಮೇಲೆ ನೇರ ಕೆಳಗೆ ಬೀಳುವುದು. ಕೊನೆಯ ಅರ್ಧ ಕಿಲೋಮೀಟರ್ ಸೆಕೆಂಡಿಗೆ 10 ಮೀಟರ್‌ನಂತೆ ನಿಧಾನವಾಗಿ. ಕುಳಿಯ ತಳ ಹೆಚ್ಚುಕಡಿಮೆ ಸೊನ್ನೆ ಎತ್ತರದಲ್ಲಿದೆ.

ಎಲ್ಲಿ ಸೋರುತ್ತಿದೆ?

ಸಾಲಗಾಮೆ_ರಸ್ತೆ ಬರೆದದ್ದು:

ನಿಮ್ಮ ಲೆಕ್ಕ ಸರಿಯಾಗಿದೆ. ಪಟ್ಟಿಯೂ ಸರಿಯಾಗಿದೆ. ನೀವು ಇಳಿಯುವ ದಾರಿ ದುಬಾರಿ.

14 ಕಿ.ಮೀ. ಕಕ್ಷೆಯಲ್ಲಿ ವೇಗ 552 ಮೀ/ಸೆ. ಅದನ್ನು ಅಲ್ಲೇ ಮೇಲೆ ಸೊನ್ನೆ ಮಾಡಿದರೆ ಖರ್ಚು 552. ಆಮೇಲೆ 14 ಕಿ.ಮೀ. ಬಿದ್ದಾಗ ಕೆಳಮುಖವಾಗಿ 206 ಮೀ/ಸೆ ವೇಗ ಬಂದಿರುತ್ತದೆ. ಅದನ್ನೂ ನಿಲ್ಲಿಸಬೇಕು. ಅಲ್ಲಿಗೆ 758. ಕೊನೆಯ 500 ಮೀಟರ್‌ಗೆ 50 ಸೆಕೆಂಡ್ ತೆಗೆದುಕೊಳ್ಳುತ್ತೀರಿ. ಮುನ್ ಗುರುತ್ವ 1.63. ಅಂದರೆ ವೇಗ ಏರದಂತೆ ಇಳಿಯುವ ಪ್ರತಿ ಸೆಕೆಂಡಿಗೂ 1.63 ಮೀ/ಸೆ ಕೊಡಲೇಬೇಕು. 50 ಸೆಕೆಂಡಿಗೆ 81. ಒಟ್ಟು 840ರ ಹತ್ತಿರ. 1547ರಲ್ಲಿ ಕಳೆಯಿರಿ. ನಿಮ್ಮ 700 ಚಿಲ್ಲರೆ ಅಲ್ಲೇ ಸಿಕ್ಕಿತು.

ನಿಧಾನವಾಗಿ ಇಳಿದರೆ ಇಂಧನ ಉಳಿಯುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಡೆಯುವುದು ಉಲ್ಟಾ. ಚಾರ್ಮಾಡಿ ಘಾಟಿಯ ಏರಿನಲ್ಲಿ ಬ್ರೇಕ್ ಹಾಕದೆ ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಂಡ ಹಾಗೆ ಅದು. ಪೆಟ್ರೋಲ್ ಉರಿಯುತ್ತಲೇ ಇರುತ್ತದೆ, ಗಾಡಿ ಒಂದು ಗೇಣೂ ಮುಂದೆ ಹೋಗುವುದಿಲ್ಲ.

ಈಗ ಅಗ್ಗದ ದಾರಿ. 14 ಕಿ.ಮೀ. ಕಕ್ಷೆಯಲ್ಲಿ, ಇಳಿಯುವ ಜಾಗದ ಸರಿಯಾಗಿ ಎದುರು ಬದಿಯಲ್ಲಿ, 9 ಮೀ/ಸೆಗಿಂತ ಸ್ವಲ್ಪ ಜಾಸ್ತಿ ಬ್ರೇಕ್ ಹಾಕಿ. ಪೆರಿಆಪ್ಸಿಸ್ (ಕಕ್ಷೆಯ ಕೆಳತುದಿ) ನೆಲದ ಮಟ್ಟಕ್ಕೆ ಬರುತ್ತದೆ. ಅಲ್ಲಿಗೆ ತಲುಪುವಾಗ ವೇಗ 580. ಆ ವೇಗವನ್ನು ಅಲ್ಲಿ, ನೆಲದ ಹತ್ತಿರವೇ, ಒಂದೇ ಏಟಿಗೆ ನಿಲ್ಲಿಸಬೇಕು. ಒಟ್ಟು 590. ಮುನ್ ತನ್ನ ಸುತ್ತ ತಿರುಗುವುದರಿಂದ ಸಮಭಾಜಕದಲ್ಲಿ ನೆಲವೇ ಸೆಕೆಂಡಿಗೆ 9 ಮೀಟರ್ ಪೂರ್ವಕ್ಕೆ ಓಡುತ್ತಿರುತ್ತದೆ. ಪೂರ್ವಮುಖಿ ಕಕ್ಷೆಯಲ್ಲಿದ್ದರೆ ಅದೂ ನಿಮ್ಮ ಲಾಭ. ಪಟ್ಟಿಯ 580 ಬಂದದ್ದು ಹೀಗೆ.

ಬೇಲೂರು_ಬುಲೆಟ್ ಬರೆದದ್ದು:

ಒಂದು ಸಂದೇಹ. ಮೇಲೆ ನಿಲ್ಲಿಸಿದರೂ ಕೆಳಗೆ ನಿಲ್ಲಿಸಿದರೂ ಕಳೆಯಬೇಕಾದ ಶಕ್ತಿ ಒಂದೇ ಅಲ್ವಾ? 14 ಕಿ.ಮೀ. ಕೆಳಗೆ ಬರಬೇಕು, 552 ವೇಗ ಹೋಗಬೇಕು. ಎರಡು ದಾರಿಯಲ್ಲೂ ಅಷ್ಟೇ. ಹಾಗಿದ್ದರೆ ಒಂದು 758, ಇನ್ನೊಂದು 590 ಹೇಗೆ?

ಅರಸೀಕೆರೆ_ಟೀಚರ್ ಬರೆದದ್ದು:

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಉತ್ತರ ನಾನೇ ಬರೆಯುತ್ತೇನೆ.

ಶಕ್ತಿ ಒಂದೇ, ಅದು ನಿಜ. ಆದರೆ ರಾಕೆಟ್ ಬೆಲೆ ಕಟ್ಟುವುದು ಶಕ್ತಿಗಲ್ಲ, ವೇಗದ ಬದಲಾವಣೆಗೆ. 552 ಅಡ್ಡಕ್ಕೆ, 206 ಕೆಳಕ್ಕೆ. ಒಂದು ಲಂಬಕೋನ ತ್ರಿಭುಜ ಬರೆಯಿರಿ. ಎರಡು ಬಾಹುಗಳ ಮೇಲೆ ನಡೆದರೆ 552 + 206 = 758. ಕರ್ಣದ ಮೇಲೆ ನಡೆದರೆ? 552ರ ವರ್ಗ 3,04,704. 206ರ ವರ್ಗ 42,436. ಕೂಡಿದರೆ 3,47,140. ವರ್ಗಮೂಲ 589. ಸಾಲಗಾಮೆಯವರು ಹೇಳಿದ 590ಕ್ಕೂ ಇದಕ್ಕೂ ಒಂದೇ ಒಂದರ ವ್ಯತ್ಯಾಸ.

ಮೇಲೆ ಒಮ್ಮೆ, ಕೆಳಗೆ ಒಮ್ಮೆ ನಿಲ್ಲಿಸುವವರು ಎರಡು ಬಾಹುಗಳಿಗೂ ದುಡ್ಡು ಕೊಡುತ್ತಾರೆ. ಕೆಳಗೆ ಒಂದೇ ಸಲ ನಿಲ್ಲಿಸುವವರು ಕರ್ಣಕ್ಕೆ ಮಾತ್ರ ಕೊಡುತ್ತಾರೆ. ವೇಗ ಅತಿ ಹೆಚ್ಚಿರುವ ಜಾಗದಲ್ಲಿ ಬರ್ನ್ ಮಾಡಿದರೆ (ಇಂಜಿನ್ ಉರಿಸಿದರೆ) ಅದೇ ಇಂಧನ ಜಾಸ್ತಿ ಕೆಲಸ ಮಾಡುತ್ತದೆ. ಇದನ್ನೇ ಓಬರ್ತ್ ಪರಿಣಾಮ ಅನ್ನುತ್ತಾರೆ. ಹತ್ತನೇ ತರಗತಿ ಮಕ್ಕಳಿಗೆ ಪೈಥಾಗೊರಸ್ ಪ್ರಮೇಯದ ಉಪಯೋಗ ಏನು ಅಂತ ಕೇಳಿದರೆ ನಾನು ಈಗ ಇದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಬೇಲೂರು_ಬುಲೆಟ್ ಬರೆದದ್ದು:

ಮೇಡಂ, ಈಗ ಪೂರ್ತಿ ಅರ್ಥವಾಯಿತು. ತುಂಬಾ ಥ್ಯಾಂಕ್ಸ್.

ಆಲ್ದೂರು_ಅರೇಬಿಕಾ ಬರೆದದ್ದು:

ಲೆಕ್ಕ ಎಲ್ಲಾ ಆಯಿತು. ಕೈಯಲ್ಲಿ ಮಾಡುವುದು ಹೇಗೆ ಅಂತ ನಾನು ಹೇಳುತ್ತೇನೆ, ಯಾಕೆಂದರೆ ಕಷ್ಟ ಇರುವುದು ಅಲ್ಲೇ.

ಮೊದಲು ಗುಡ್ಡ. ಮುನ್ ಮೇಲೆ 7 ಕಿ.ಮೀ. ದಾಟುವ ಎತ್ತರಗಳಿವೆ. ಪೆರಿಆಪ್ಸಿಸ್ ಅನ್ನು ಕಣ್ಣು ಮುಚ್ಚಿ ಸೊನ್ನೆಗೆ ಇಳಿಸಿದರೆ ದಾರಿಯಲ್ಲೇ ಯಾವುದಾದರೂ ಕುಳಿಯ ಅಂಚಿಗೆ ಬಡಿಯುತ್ತೀರಿ. ಹಾಗಾಗಿ ನಿಮ್ಮ ದಾರಿಯ ಗುಡ್ಡಗಳಿಗಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ಆ 'ಸ್ವಲ್ಪ'ಕ್ಕೂ ಬೆಲೆ ಇದೆ. ನೆಲದಿಂದ 2 ಕಿ.ಮೀ. ಮೇಲೆ ಪೂರ್ತಿ ನಿಂತು ಬಿದ್ದರೆ ಮತ್ತೆ 80 ಮೀ/ಸೆ ಕೊಡಬೇಕು. 500 ಮೀಟರ್ ಮೇಲಾದರೆ 40 ಸಾಕು. ಎತ್ತರ ನಾಲ್ಕರಲ್ಲಿ ಒಂದು ಭಾಗವಾದರೂ ಖರ್ಚು ಅರ್ಧಕ್ಕೆ ಮಾತ್ರ ಇಳಿಯುತ್ತದೆ ನೋಡಿ. ಆದ್ದರಿಂದ ಕೊನೆಯ ನೂರಿನ್ನೂರು ಮೀಟರ್‌ಗಾಗಿ ಜೀವ ಪಣಕ್ಕಿಡಬೇಡಿ.

ಎರಡನೆಯದು ಸಮಯ. ಟೆರಿಯರ್ ಥ್ರಸ್ಟ್ (ತಳ್ಳುವ ಬಲ) 60 ಕಿಲೋನ್ಯೂಟನ್. ನಿಮ್ಮ 2.7 ಟನ್ನಿಗೆ ಅದು ಸೆಕೆಂಡಿಗೆ 22 ಮೀ/ಸೆ ವೇಗ ಕಡಿಮೆ ಮಾಡುತ್ತದೆ. 580 ನಿಲ್ಲಿಸಲು ಸುಮಾರು 25 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು 7 ಕಿ.ಮೀ. ಮುಂದೆ ಹೋಗಿರುತ್ತೀರಿ. ಅಂದರೆ ಇಳಿಯುವ ಜಾಗ ಇನ್ನೂ 7 ಕಿ.ಮೀ. ಇರುವಾಗಲೇ ಪೂರ್ತಿ ಥ್ರಾಟಲ್ ಕೊಡಬೇಕು.

ಮೂರನೆಯದು ನ್ಯಾವ್‌ಬಾಲ್, ಅಂದರೆ ದಿಕ್ಕು ತೋರಿಸುವ ಗೋಲ (ನೀಲಿ ಆಕಾಶ, ಕಂದು ನೆಲ). ಮೇಲಿರುವ ವೇಗದ ಪೆಟ್ಟಿಗೆ ಒತ್ತಿ 'ಸರ್ಫೇಸ್'ಗೆ ಬದಲಿಸಿ. ರೆಟ್ರೋಗ್ರೇಡ್ ಗುರುತು ಮೊದಲು ನೀಲಿ-ಕಂದು ಗೆರೆಯ ಮೇಲೇ ಇರುತ್ತದೆ. ಆ ಗುರುತಿಗಿಂತ ಮೂತಿಯನ್ನು ಒಂಚೂರು ಮೇಲೆ, ನೀಲಿಯ ಕಡೆಗೆ ಇಡಿ. ಅಡ್ಡ ವೇಗ ಕಡಿಮೆಯಾದಂತೆ ಲ್ಯಾಂಡರ್ ಕೆಳಗೆ ಜಗ್ಗಲು ಶುರು ಮಾಡುತ್ತದೆ, ಆಗ ಮೂತಿಯನ್ನು ಇನ್ನೂ ಸ್ವಲ್ಪ ಮೇಲೆತ್ತಿ. ಲಂಬ ವೇಗದ ಮುಳ್ಳು ಸೊನ್ನೆಯ ಸ್ವಲ್ಪ ಕೆಳಗೆ ನಿಂತಿರಬೇಕು. ಆಮೇಲೆ ಗುರುತು ತಾನಾಗಿಯೇ ನೀಲಿಯ ನೆತ್ತಿಯ ಕಡೆ ಏರುತ್ತದೆ. ಅದು ನೆತ್ತಿಗೆ ಬಂತು ಅಂದರೆ ನೀವು ನೇರ ಕೆಳಗೆ ಇಳಿಯುತ್ತಿದ್ದೀರಿ.

ಮತ್ತೆ ಎತ್ತರದ ಅಂಕಿ. ಮೇಲೆ ಕಾಣುವುದು ಸೊನ್ನೆ ಮಟ್ಟದಿಂದ ಎತ್ತರ, ನೆಲದಿಂದಲ್ಲ. ಅದರ ಪಕ್ಕದ ಗುಂಡಿ ಒತ್ತಿ ನೆಲದಿಂದ ಎತ್ತರಕ್ಕೆ ಬದಲಿಸಿಕೊಳ್ಳಿ. ಎಷ್ಟೋ ಒಳ್ಳೆಯ ಲ್ಯಾಂಡರ್‌ಗಳು ಇದೊಂದು ಮರೆತು ಪುಡಿಯಾಗಿವೆ.

ಕಳಸದ_ಕಕ್ಷೆ ಬರೆದದ್ದು:

ಇಷ್ಟೆಲ್ಲಾ ಯಾಕೆ ಮಾರಾಯ್ರೆ, ಮೆಕ್‌ಜೆಬ್ ಆಟೋಪೈಲಟ್ ಹಾಕಿಕೊಳ್ಳಿ, ಅದೇ ಇಳಿಸುತ್ತದೆ.

ಆಲ್ದೂರು_ಅರೇಬಿಕಾ ಬರೆದದ್ದು:

ಇಳಿಸುತ್ತದೆ, ನಿಜ. ಆದರೆ ಕೇಳಿದವರು ಇಂಧನ ಎಲ್ಲಿ ಹೋಯಿತು ಅಂತ ಕೇಳಿದ್ದು. ಕೈಯಿಂದ ಒಮ್ಮೆ ಸರಿಯಾಗಿ ಇಳಿಸಿದವರಿಗೆ ಮಾತ್ರ ಅದು ಮೈಗೆ ಹತ್ತುತ್ತದೆ. ಆಮೇಲೆ ಬೇಕಾದರೆ ಮೆಕ್‌ಜೆಬ್ ಹಾಕಿಕೊಳ್ಳಲಿ.

ಹೇಮಾವತಿ_ದಂಡೆ ಬರೆದದ್ದು:

ನನ್ನ ಅಭಿಪ್ರಾಯ ಬೇರೆ. ನೀವೆಲ್ಲಾ ಕೊನೆಯ ಕ್ಷಣದ ಬ್ರೇಕನ್ನು ಹೊಗಳುತ್ತಿದ್ದೀರಿ. ಅಸಲಿ ಚಂದ್ರನ ಮೇಲೆ ಯಾರೂ ಹಾಗೆ ಇಳಿಯುವುದಿಲ್ಲ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದದ್ದನ್ನು ಎಲ್ಲರೂ ನೋಡಿದ್ದೇವೆ. ಮೊದಲ ಬ್ರೇಕಿಂಗ್ ಹಂತವೇ 690 ಸೆಕೆಂಡ್. ಕೊನೆಗೆ 150 ಮೀಟರ್ ಎತ್ತರದಲ್ಲಿ ತೇಲಿ ನಿಂತು, ಕೆಳಗಿನ ಕಲ್ಲು-ಗುಂಡಿ ನೋಡಿಕೊಂಡು ಆಮೇಲೆ ಇಳಿಯಿತು. ಸಾಲಗಾಮೆಯವರ ಲೆಕ್ಕದಲ್ಲಿ ಅದೆಲ್ಲಾ ದಂಡ. ಹಾಗಾದರೆ ಇಸ್ರೋದವರಿಗೆ ಇಂಧನದ ಬೆಲೆ ಗೊತ್ತಿಲ್ಲವೇ? ಸುರಕ್ಷತೆಗೂ ಬೆಲೆ ಇದೆ.

ಸಾಲಗಾಮೆ_ರಸ್ತೆ ಬರೆದದ್ದು:

ಒಳ್ಳೆಯ ಮಾತು. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಮುನ್ ಗುರುತ್ವ 1.63, ನಮ್ಮ ಚಂದ್ರನದು 1.62. ಹೆಚ್ಚುಕಡಿಮೆ ಒಂದೇ. ಆದರೆ ಮುನ್ ತ್ರಿಜ್ಯ 200 ಕಿ.ಮೀ., ಚಂದ್ರನದು 1,737. ಹಾಗಾಗಿ ಮುನ್ ಸುತ್ತ 552 ಮೀ/ಸೆ ಸಾಕು, ಚಂದ್ರನ ಸುತ್ತ ಸುಮಾರು 1,680 ಬೇಕು. ವಿಕ್ರಮ್ 30 ಕಿ.ಮೀ. ಎತ್ತರದಲ್ಲಿ ಬ್ರೇಕ್ ಶುರು ಮಾಡಿದಾಗ ಅದರ ವೇಗ ಸೆಕೆಂಡಿಗೆ 1.68 ಕಿ.ಮೀ.

ಈಗ ಇಂಜಿನ್ ನೋಡಿ. ವಿಕ್ರಮ್‌ಗೆ ನಾಲ್ಕು ಇಂಜಿನ್, ತಲಾ 800 ನ್ಯೂಟನ್. ಒಟ್ಟು 3,200. ಲ್ಯಾಂಡರ್ ತೂಕ 1,752 ಕೆ.ಜಿ. ಭಾಗಿಸಿದರೆ 1.83. ಅಂದರೆ ಚಂದ್ರನ ಗುರುತ್ವಕ್ಕಿಂತ ಶುರುವಿನಲ್ಲಿ ಶೇಕಡಾ 13 ಜಾಸ್ತಿ, ಅಷ್ಟೇ. ಮೂಡಿಗೆರೆಯವರ ಲ್ಯಾಂಡರ್‌ನಲ್ಲಿ ಅದೇ ಅನುಪಾತ 13 ಪಟ್ಟು! ಅಷ್ಟು ದೊಡ್ಡ ಇಂಜಿನ್ ಇದ್ದರೆ 25 ಸೆಕೆಂಡಿನಲ್ಲಿ ನಿಲ್ಲಬಹುದು. ವಿಕ್ರಮ್‌ಗೆ 690 ಸೆಕೆಂಡ್ ಬೇಕಾದದ್ದು ಅದಕ್ಕೆ. ಆ 690 ಸೆಕೆಂಡಿನಲ್ಲಿ ವೇಗ 1,680ರಿಂದ 358 ಮೀ/ಸೆಗೆ ಇಳಿಯಿತು. ಸೆಕೆಂಡಿಗೆ ಸರಾಸರಿ 1.9. ನಮ್ಮ 1.83ಕ್ಕೆ ಹೊಂದುತ್ತದೆ. ಇಂಧನ ಉರಿದಂತೆ ತೂಕ ಕಡಿಮೆಯಾಗುವುದರಿಂದ ಸ್ವಲ್ಪ ಜಾಸ್ತಿ ಬಂದಿದೆ.

ಇನ್ನೊಂದು ವಿಷಯ. ಆ ಹೊತ್ತಿನ ಬಹುಪಾಲು ವಿಕ್ರಮ್ ಅಡ್ಡಲಾಗಿಯೇ ಬ್ರೇಕ್ ಹಾಕುತ್ತಿತ್ತು. ಅಡ್ಡ ವೇಗ ಜಾಸ್ತಿ ಇರುವಾಗ ಕಕ್ಷೆಯೇ ಅದನ್ನು ಎತ್ತಿ ಹಿಡಿದಿರುತ್ತದೆ, ಗುರುತ್ವಕ್ಕೆ ಕೊಡಬೇಕಾದ ದಂಡ ಕಡಿಮೆ. ಅಂದರೆ ಅಲ್ಲೂ ನಿಯಮ ಇದೇ: ಎತ್ತರದಲ್ಲಿ ನಿಂತು ಬೀಳಬೇಡ, ಅಡ್ಡಲಾಗಿ ಸಾಗುತ್ತಲೇ ಇಳಿ. ಅಪೊಲೊದವರೂ ಮೊದಲು ಕಕ್ಷೆಯ ಕೆಳತುದಿಯನ್ನು 15 ಕಿ.ಮೀ.ಗೆ ಇಳಿಸಿ, ಅಲ್ಲಿಂದ ಮುಖ್ಯ ಬರ್ನ್ ಶುರು ಮಾಡಿದರು.

150 ಮೀಟರ್ ಮೇಲೆ ನಿಂತದ್ದರ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅದು ದಂಡ ಅಲ್ಲ. ಗೊತ್ತಿದ್ದೇ ಕೊಟ್ಟ ಬೆಲೆ. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಬಂಡೆಗಳು ತುಂಬಿದ ಕುಳಿ ದಾಟಿ ಮುಂದೆ ಹೋಗಿ ಇಳಿದದ್ದೂ ಹಾಗೆ ಕೂಡಿಟ್ಟ ಇಂಧನದಿಂದಲೇ. ಮೊದಲ 14 ಕಿ.ಮೀ.ನಲ್ಲಿ ಉಳಿಸಿದರೆ ತಾನೇ ಕೊನೆಯ 150 ಮೀಟರ್‌ನಲ್ಲಿ ಖರ್ಚು ಮಾಡಲು ಕೈಯಲ್ಲಿ ಇರುತ್ತದೆ?

ಹೇಮಾವತಿ_ದಂಡೆ ಬರೆದದ್ದು:

ಹೀಗೆ ಹೇಳಿದರೆ ಒಪ್ಪುತ್ತೇನೆ. ಉಳಿಸುವ ಜಾಗ ಬೇರೆ, ಖರ್ಚು ಮಾಡುವ ಜಾಗ ಬೇರೆ.

ಹಾಸನದವರಿಗೆ ಇಂಧನದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನಿ. ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) 1982ರಲ್ಲಿ ಶುರುವಾಯಿತು. ಅದೇ ಏಪ್ರಿಲ್‌ನಲ್ಲಿ ಹೋದ ಇನ್ಸಾಟ್-1ಎ ಉಪಗ್ರಹವನ್ನು ಸೆಪ್ಟೆಂಬರ್‌ನಲ್ಲೇ ಕೈಬಿಡಬೇಕಾಯಿತು. ದಿಕ್ಕು ಹಿಡಿದಿಟ್ಟುಕೊಳ್ಳುವ ಇಂಧನ ಮುಗಿದು ಹೋಗಿತ್ತು. ಇವತ್ತಿಗೂ ಅಲ್ಲಿನವರು ಉಪಗ್ರಹವನ್ನು 36,000 ಕಿ.ಮೀ. ಕಕ್ಷೆಗೆ ಏರಿಸುವಾಗ ದುಂಡಾಗಿಸುವ ಬರ್ನ್ ಮಾಡುವುದು ಕಕ್ಷೆಯ ಮೇಲ್ತುದಿಯಲ್ಲಿ. ಎಲ್ಲೆಂದರಲ್ಲಿ ಅಲ್ಲ. ಅಲ್ಲಿ ಉಳಿದ ಇಂಧನವೇ ಆಮೇಲೆ ಉಪಗ್ರಹದ ಆಯಸ್ಸು. ಬಸ್‌ನಲ್ಲಿ ಆ ಡಿಶ್‌ಗಳನ್ನು ನೋಡಿಕೊಂಡು ಕಾಲೇಜಿಗೆ ಹೋಗುತ್ತಿದ್ದವನು ನಾನು. ಆಟ ಆಡಿದ ಮೇಲೆ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾಯಿತು.

ಬಾಳೆಹೊನ್ನೂರು_ಭದ್ರೆ ಬರೆದದ್ದು:

ಕಕ್ಷೆಗೆ ಹೋಗದೆ ಕರ್ಬಿನ್‌ನಿಂದ ಬಂದ ವೇಗದಲ್ಲೇ ಸೀದಾ ಇಳಿದರೆ ಇನ್ನೂ ಉಳಿಯುತ್ತದೆ ಅಲ್ವಾ?

ಸಾಲಗಾಮೆ_ರಸ್ತೆ ಬರೆದದ್ದು:

ಉಳಿಯುತ್ತದೆ, ಆದರೆ ತೀರಾ ಕಡಿಮೆ. 14 ಕಿ.ಮೀ.ನಲ್ಲಿ ಕಕ್ಷೆ ಹಿಡಿಯಲು 310, ಇಳಿಯಲು 590. ಒಟ್ಟು 900. ಸೀದಾ ಬಂದರೆ ನೆಲದ ಹತ್ತಿರ ವೇಗ 886. ಲಾಭ 14 ಮೀ/ಸೆ. ಇದಕ್ಕಾಗಿ ಜಾಗ ಆರಿಸುವ ಅವಕಾಶ ಹೋಗುತ್ತದೆ. ಬೆಳಕು-ಕತ್ತಲೆ ನೋಡಿಕೊಳ್ಳುವ ಅವಕಾಶವೂ ಹೋಗುತ್ತದೆ. ಕಡಿದಾಗಿ ಬಂದರಂತೂ ಗುರುತ್ವದ ದಂಡವೇ ಆ 14 ಅನ್ನು ನುಂಗಿಬಿಡುತ್ತದೆ. ನಾನಾದರೆ ಕಕ್ಷೆಯನ್ನೇ ಹಿಡಿಯುತ್ತೇನೆ.

ಆಲ್ದೂರು_ಅರೇಬಿಕಾ ಬರೆದದ್ದು:

ಮೂಡಿಗೆರೆಯವರೇ, ಇನ್ನೊಂದು ಉಪಾಯ. 13 ಪಟ್ಟು ಥ್ರಸ್ಟ್ ನಿಮಗೆ ಬೇಕಾಗಿಲ್ಲ. ಟೆರಿಯರ್ ತೆಗೆದು ಸ್ಪಾರ್ಕ್ ಹಾಕಿ. ಅದರ ಐಎಸ್‌ಪಿ (ಇಂಜಿನ್ನಿನ ಮೈಲೇಜ್ ಇದ್ದ ಹಾಗೆ) 320, ಟೆರಿಯರ್‌ನ 345ಕ್ಕಿಂತ ಕಡಿಮೆ. ಅದಕ್ಕೇ ಜನ ಅದನ್ನು ಮುಟ್ಟುವುದಿಲ್ಲ. ಆದರೆ ತೂಕ 0.13 ಟನ್ ಮಾತ್ರ. ನಿಮ್ಮ ಲ್ಯಾಂಡರ್ 2.355 ಟನ್ನಿಗೆ ಇಳಿಯುತ್ತದೆ, ಖಾಲಿಯಾದಾಗ 1.355. ಡೆಲ್ಟಾ-ವಿ 1735! ಅದೇ ಟ್ಯಾಂಕು, ಅದೇ ಇಂಧನ, 188 ಮೀ/ಸೆ ಜಾಸ್ತಿ. ಥ್ರಸ್ಟ್ 20 ಕಿಲೋನ್ಯೂಟನ್, ಮುನ್ ಗುರುತ್ವದ 5 ಪಟ್ಟು. ಧಾರಾಳವಾಗಿ ಸಾಕು. ಚಿಕ್ಕ ಲ್ಯಾಂಡರ್‌ಗೆ ಇಂಜಿನ್ನಿನ ತೂಕವೇ ದೊಡ್ಡ ಶತ್ರು.

ಬರ್ನ್ ಮಾತ್ರ ಎರಡು ಪಟ್ಟಿಗಿಂತ ಉದ್ದವಾಗುತ್ತದೆ. ಬೇಗ ಶುರು ಮಾಡಿ.

ಮೂಡಿಗೆರೆ_ಮಳೆ ಬರೆದದ್ದು:

ಎರಡು ದಿನ ಕರೆಂಟ್ ಇರಲಿಲ್ಲ, ಮಳೆ ಹಾಗಿದೆ ಇಲ್ಲಿ. ಈಗ ಬಂದು ಮಾಡಿ ನೋಡಿದೆ.

ಟೆರಿಯರ್ ಇಟ್ಟುಕೊಂಡೇ ಮೊದಲು ಇಳಿಸಿದೆ. ಅಡ್ಡಲಾಗಿ ಬಂದು ನೆಲದಿಂದ 500 ಮೀಟರ್ ಮೇಲೆ ನಿಂತೆ. ಮುಟ್ಟಿದಾಗ 900 ದಾಟಿತ್ತು! ಏರುವಾಗಲೂ ಅದೇ ಕ್ರಮ ಹಿಡಿದೆ. ನೆಲ ಬಿಟ್ಟ ಕೂಡಲೇ ಪೂರ್ವಕ್ಕೆ ಮಲಗಿಸಿದೆ, ಗುಡ್ಡ ತಪ್ಪುವಷ್ಟು ಮಾತ್ರ ಎತ್ತರ ಇಟ್ಟುಕೊಂಡೆ. ಆಮೇಲೆ ಮುನ್ ಸಾಗುವ ದಿಕ್ಕಿಗೆ ವಿರುದ್ಧವಾಗಿ ಹೊರಬಿದ್ದು, ಕರ್ಬಿನ್ ಪೆರಿಆಪ್ಸಿಸ್ 32 ಕಿ.ಮೀ.ಗೆ ತಂದೆ. ಟ್ಯಾಂಕ್ ಹತ್ತಿರ ಹತ್ತಿರ ಖಾಲಿ, ಆದರೆ ಪ್ಯಾರಾಶೂಟ್ ಬಿಚ್ಚಿತು. ಸ್ಪಾರ್ಕ್ ಹಾಕಿದ್ದು ಇವತ್ತು ರಾತ್ರಿ ಹಾರಿಸುತ್ತೇನೆ.

ಒಂದು ತೊಂದರೆ ಮಾತ್ರ. ನೆಲಕ್ಕೆ ಇನ್ನು ಹತ್ತು ಮೀಟರ್ ಇರುವಾಗ ಲ್ಯಾಂಡರ್ ಇದ್ದಕ್ಕಿದ್ದಂತೆ ತಲೆಕೆಳಗಾಗಲು ನೋಡಿತು. ಯಾಕೆ?

ಆಲ್ದೂರು_ಅರೇಬಿಕಾ ಬರೆದದ್ದು:

ರೆಟ್ರೋಗ್ರೇಡ್ ಹಿಡಿತ ಹಾಗೇ ಬಿಟ್ಟಿರುತ್ತೀರಿ. ಥ್ರಾಟಲ್ ಒಂಚೂರು ಜಾಸ್ತಿಯಾಗಿ ಲ್ಯಾಂಡರ್ ಮೇಲಕ್ಕೆ ಹೊರಟರೆ ರೆಟ್ರೋಗ್ರೇಡ್ ಗುರುತು ಕೆಳಕ್ಕೆ ಜಿಗಿಯುತ್ತದೆ. ಹಿಡಿತ ಅದನ್ನೇ ಹಿಂಬಾಲಿಸುತ್ತದೆ. ವೇಗ 5 ಮೀ/ಸೆಗೆ ಇಳಿದ ಕೂಡಲೇ ರೆಟ್ರೋಗ್ರೇಡ್ ಬಿಟ್ಟು ಸಾಮಾನ್ಯ ಎಸ್‌ಎಎಸ್‌ಗೆ (ಮೂತಿಯನ್ನು ಇದ್ದ ದಿಕ್ಕಿಗೇ ಹಿಡಿದಿಡುವ ಹಿಡಿತ) ಬನ್ನಿ. ಮೂತಿ ನೆತ್ತಿಗೇ ಇರಲಿ.

ಅರಸೀಕೆರೆ_ಟೀಚರ್ ಬರೆದದ್ದು:

ನಿಮ್ಮ ಅಂಕಿಗಳನ್ನು ಮಕ್ಕಳಿಗೆ ತೋರಿಸಲೇ? ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಆಟ ಓಡುವುದಿಲ್ಲ, ಬೋರ್ಡಿನ ಮೇಲೆ ಲೆಕ್ಕ ಮಾತ್ರ.

ಮೂಡಿಗೆರೆ_ಮಳೆ ಬರೆದದ್ದು:

ಖಂಡಿತ ತೋರಿಸಿ ಮೇಡಂ. ಹಳೆಯ ದಾರಿ, ಹೊಸ ದಾರಿ ಎರಡರ ಸ್ಕ್ರೀನ್‌ಶಾಟ್‌ಗಳನ್ನೂ ಹಾಕುತ್ತೇನೆ.

ಬಾಳೆಹೊನ್ನೂರು_ಭದ್ರೆ ಬರೆದದ್ದು:

ಕರ್ಬಿನ್‌ನ ಇನ್ನೊಂದು ಚಂದ್ರ ಮಿನ್ಮಸ್‌ಗೂ ಇದೇ ದಾರಿಯೇ?

ಸಾಲಗಾಮೆ_ರಸ್ತೆ ಬರೆದದ್ದು:

ದಾರಿ ಅದೇ, ಆದರೆ ಅಷ್ಟು ಬಿಗಿ ಬೇಡ. ಅಲ್ಲಿ ಗುರುತ್ವ 0.49. ಇಳಿಯಲು 180 ಮೀ/ಸೆ ಸಾಕು, ತೇಲಿ ನಿಂತರೂ ಸೆಕೆಂಡಿಗೆ ಅರ್ಧ ಮೀ/ಸೆ ಮಾತ್ರ ಖರ್ಚಾಗುತ್ತದೆ. ಸೊನ್ನೆ ಎತ್ತರದಲ್ಲಿ ದೊಡ್ಡ ದೊಡ್ಡ ಸಪಾಟು ಬಯಲುಗಳಿವೆ, ಗುಡ್ಡದ ಹೆದರಿಕೆ ಇಲ್ಲ. ಕಕ್ಷೆ 6 ಡಿಗ್ರಿ ವಾಲಿದೆ, ಅದನ್ನು ಹೊರಡುವಾಗಲೇ ಸರಿಮಾಡಿಕೊಳ್ಳಿ. ಅಡ್ಡ ವೇಗ ಸೊನ್ನೆಯಾಗದೆ ಮಾತ್ರ ಮುಟ್ಟಬೇಡಿ. ಗುರುತ್ವ ಕಡಿಮೆ ಇರುವ ಕಡೆ ಲ್ಯಾಂಡರ್ ನಿಲ್ಲದೆ ಪುಟಿಯುತ್ತಾ ಹೋಗುತ್ತದೆ.